ಗುಂಡು ಬನ್ನೆಯನ್ನು ಯಾರೂ ಕೇಳಲಿಲ್ಲ

ಗಡಹಿಂಗ್ಲಜದ ಹೈಸ್ಕೂಲ್ ಮೈದಾನಕ್ಕೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಗೋಲ್ ಕಂಬದ ಹತ್ತಿರ ಒಬ್ಬರು ಬಲಗಾಲನ್ನು ಪಕ್ಕಕ್ಕೆ ಚಾಚಿ, ಎಡ ಮೊಣಕಾಲೂರಿ ಕುಳಿತು ಒಡೆದ ಬಾಟಲಿಯ ಚೂರುಗಳನ್ನು ಹೆಕ್ಕುತ್ತಿದ್ದಾರೆ. ಹೆಕ್ಕಿದ್ದನ್ನು ತಗಡಿನ ಡಬ್ಬಿಗೆ ಹಾಕುತ್ತಾರೆ. ಅಂಗೈಯಿಂದ ನೆಲವನ್ನು ಸವರಿ ನೋಡುತ್ತಾರೆ. ಏಳುವಾಗ ಕಂಬವನ್ನೇ ಹಿಡಿದುಕೊಳ್ಳಬೇಕು, ಬಲ ಮೊಣಕಾಲು ಮಡಚುವುದಿಲ್ಲ.

“ಗೋಲ್‌ಕೀಪರ್ ಇಲ್ಲೇ ಜಿಗಿದು ಬೀಳ್ತಾನ್ರಿ. ಕಣ್ಣಿಗೆ ಹೊಕ್ರ ಏನ್ ಮಾಡೂದು?” ಎನ್ನುತ್ತಾರೆ. ಯಾರು ಕುಡಿದು ಒಡೆದು ಹೋದರು ಎಂಬುದರ ಬಗ್ಗೆ ಅವರಿಗೆ ಸಿಟ್ಟಿದ್ದಂತೆ ಕಾಣುವುದಿಲ್ಲ.

ಇವರು ಗುಂಡು ಬನ್ನೆ. ವಯಸ್ಸು ಐವತ್ತರ ಆಸುಪಾಸು. ಉದಯತಾರಾ ಫುಟ್‌ಬಾಲ್ ಕ್ಲಬ್ಬಿನ ಸಹಾಯಕ ಕೋಚ್. ಆಟಗಾರರು ಒಬ್ಬೊಬ್ಬರಾಗಿ ಬರುವ ಹೊತ್ತಿಗೆ ಇವರು ಚೆಂಡುಗಳಿಗೆ ಗಾಳಿ ಹಾಕಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಪ್ಲಾಸ್ಟಿಕ್ ಶಂಕುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕಾಲು ಉಳುಕಿದವನ ಪಾದಕ್ಕೆ ಪಟ್ಟಿ ಸುತ್ತುತ್ತಾರೆ. ಸೀಟಿ ಊದಿದ ಮೇಲೆ ಅವರ ಭಾಷೆಯೂ ಬದಲಾಗುತ್ತದೆ. ಮನೆಯ ಮಾತು ಕನ್ನಡ, ಮೈದಾನದ ಮಾತು ಮರಾಠಿ. “ಮಾಗೇ ಬಘ್! ಮಾಗೇ!” ಎಂದು ಕೂಗುತ್ತಾರೆ. ಹಿಂದೆ ನೋಡು ಎಂದರ್ಥ. ಆ ದನಿಗೆ ಡಿಫೆಂಡರುಗಳು ತಿರುಗಿಯೂ ನೋಡದೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ತಂಡದ ಕ್ಯಾಪ್ಟನ್ ಕೇದಾರ ನೀರು ಕುಡಿಯಲು ಬಂದಾಗ ನಿಮ್ಮ ಕೋಚ್ ಯಾರು ಎಂದು ಕೇಳುತ್ತೇನೆ.

“ಇನ್ನೂ ಫಿಕ್ಸ್ ಆಗಿಲ್ರಿ.”

“ಮತ್ತೆ ಇವರು?”

“ಇವರಾ?” ಎಂದು ಅವನು ಅತ್ತ ನೋಡುತ್ತಾನೆ. ಪ್ರಶ್ನೆಯೇ ಅರ್ಥವಾಗದವನ ಹಾಗೆ ನಗುತ್ತಾನೆ. “ಇವರು ಗುಂಡೂಮಾಮಾ.”

ಫುಟ್‌ಬಾಲ್ ಎಂದರೆ ಕೊಲ್ಹಾಪುರ ಜಿಲ್ಲೆಯಲ್ಲಿ ಏನು ಎಂಬುದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಕ್ರಿಕೆಟ್ ನೋಡುತ್ತ ಬೆಳೆದ ದೇಶದಲ್ಲಿ ಇಲ್ಲಿಯ ಪೇಟೆಪೇಟೆಗೂ ಒಂದು ಫುಟ್‌ಬಾಲ್ ತಂಡ, ತಂಡಕ್ಕೊಂದು ಬಣ್ಣ, ಬಣ್ಣಕ್ಕೊಂದು ಜಗಳ. ಗಡಹಿಂಗ್ಲಜವೂ ಆ ಹುಚ್ಚಿನಲ್ಲಿ ಹಿಂದೆ ಬಿದ್ದಿಲ್ಲ. ಮಳೆ ಹಿಂದೆ ಸರಿಯುತ್ತಿದ್ದಂತೆ ಚಹಾದಂಗಡಿಗಳಲ್ಲಿ ಒಂದೇ ಚರ್ಚೆ: ಈ ಸಲ ಯಾವ ಸಹಾಯಕ ಕೋಚ್ ಮುಖ್ಯ ಕೋಚ್ ಆಗುತ್ತಾನೆ? ದುಡ್ಡು ಕೊಟ್ಟು ಪುಣೆ, ಗೋವಾದಿಂದ ಕರೆಸುವ ಶಕ್ತಿ ಸಣ್ಣ ಕ್ಲಬ್ಬುಗಳಿಗೆ ಇಲ್ಲ. ಹಾಗಾಗಿ ಪಕ್ಕದ ಊರಿನ ಸಹಾಯಕರ ಮೇಲೆ ಎಲ್ಲರ ಕಣ್ಣು. ಕೊಲ್ಹಾಪುರದ ಇಂಥವನಿಗೆ ಶಿಸ್ತಿದೆ, ಮುರಗೂಡದವನಿಗೆ ಬಾಯಿ ಜಾಸ್ತಿ, ಶಿರೋಳದವನು ಕಬ್ಬಿನ ಹಂಗಾಮು ಬಂದರೆ ಮೈದಾನಕ್ಕೇ ಬರುವುದಿಲ್ಲ. ಹೀಗೆ ಒಂದು ಕಪ್ ಚಹಾ ಮುಗಿಯುವುದರೊಳಗೆ ಜಿಲ್ಲೆಯ ಅಷ್ಟೂ ಸಹಾಯಕರ ಜಾತಕ ಹೊರಬೀಳುತ್ತದೆ. ಎರಡು ದಿನ ಆ ಬೆಂಚಿನ ಮೇಲೆ ಕುಳಿತು ಕೇಳಿದೆ. ಮೈದಾನ ಅಲ್ಲಿಂದ ಕೂಗಳತೆಯಲ್ಲಿದೆ. ಗುಂಡು ಬನ್ನೆಯ ಹೆಸರು ಒಮ್ಮೆಯೂ ಬರಲಿಲ್ಲ.

ಗುಂಡು ಅವರದು ಕುರಿ ಸಾಕುವ ಮನೆತನ. ತಾಯಿ ಹಣಮವ್ವ ಈಗಲೂ ಕರ್ನಾಟಕ ಗಡಿಯ ಹಳ್ಳಿಯಲ್ಲಿ ಕಿರಿಯ ಮಗನ ಮನೆಯಲ್ಲಿದ್ದಾರೆ. ಕುರಿ ಹಿಂದೆ ಓಡಿ ಓಡಿ ಕಾಲಿಗೆ ವೇಗ ಬಂತು ಎಂದು ಊರವರು ಹೇಳುತ್ತಾರೆ, ಗುಂಡು ಒಪ್ಪುವುದಿಲ್ಲ. “ಕುರಿ ಹಿಂದ ಯಾರೂ ಓಡಂಗಿಲ್ರಿ, ಕುಂತು ಕಾಯ್ತಾರ. ನನಗ ಓಡಾಕ ಕಲಿಸಿದ್ದು ಸಾಲಿ.” ಶಾಲೆಯ ತಂಡದಿಂದ ಉದಯತಾರಾಕ್ಕೆ ಬಂದರು. ರೈಟ್ ಬ್ಯಾಕ್ ಆಡುತ್ತಿದ್ದರು. ಕೊಲ್ಹಾಪುರದ ಸ್ಟೇಡಿಯಮ್ಮಿನಲ್ಲಿ ಒಂದು ಸೆಮಿಫೈನಲ್‌ನಲ್ಲಿ ಎದುರಾಳಿಯ ಬೂಟು ಮೊಣಕಾಲಿಗೆ ಬಡಿಯಿತು. ಆಪರೇಷನ್ ಆಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಆಗಿನ ಕೋಚ್, “ಮನೆಯಲ್ಲಿ ಕುಳಿತು ಏನು ಮಾಡ್ತೀ, ಚೆಂಡು ಹಿಡಿಯೋಕಾದರೂ ಬಾ” ಎಂದು ಕರೆದರು. ಬಂದವರು ಉಳಿದುಬಿಟ್ಟರು.

ಹಗಲು ಮಾರ್ಕೆಟ್ ಯಾರ್ಡಿನಲ್ಲಿ ದಾದಾಸಾಹೇಬರ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗುವ ಕೆಲಸ. ಸಂಜೆ ಮನೆಗೆ ಬಂದಾಗ ಕಣ್ಣು ಕೆಂಪಾಗಿರುತ್ತದೆ, ಕೆಮ್ಮು ನಿಲ್ಲುವುದಿಲ್ಲ. ಈ ದಾದಾಸಾಹೇಬರೇ ಉದಯತಾರಾ ಕ್ಲಬ್ಬಿನ ಅಧ್ಯಕ್ಷರು. ಕೆಟ್ಟ ಮನುಷ್ಯರಲ್ಲ. ಆಪರೇಷನ್ನಿನ ಖರ್ಚು ಕೊಟ್ಟವರು, ಮಗಳ ಮದುವೆಗೆ ಬಂದು ಊಟಕ್ಕೆ ಬಡಿಸಿದವರು. ಆ ಋಣವನ್ನು ಗುಂಡು ಮಾತಿಗೊಮ್ಮೆ ನೆನೆಯುತ್ತಾರೆ.

ಮುಖ್ಯ ಕೋಚ್ ಆಗಲು ಓದು ಬೇಕು, ಲೈಸೆನ್ಸ್ ಬೇಕು ಎನ್ನುವ ಮಾತು ಮೊದಲೆಲ್ಲ ಇತ್ತು. ಗುಂಡು ಅದನ್ನೂ ಮಾಡಿದರು. ಕೊಲ್ಹಾಪುರದಲ್ಲಿ ನಡೆದ ಕೋರ್ಸಿಗೆ ರಜೆ ಹಾಕಿ ಹೋಗಿ, ಮಕ್ಕಳ ವಯಸ್ಸಿನವರ ಪಕ್ಕ ಕುಳಿತು, ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮರಾಠಿಯಲ್ಲಿ ಕೇಳಿಕೊಂಡು ಪಾಸಾದರು. ಅಲ್ಲಿ ಅವರ ಜೊತೆ ಒಂದೇ ಕೋಣೆಯಲ್ಲಿ ಉಳಿದವನು ಇಚಲಕರಂಜಿಯ ಸೂರಜ. ಹದಿನೈದು ವರ್ಷ ಚಿಕ್ಕವನು. ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್, ಅಲ್ಲಿಯ ಒಂದು ತಂಡದ ಸಹಾಯಕ ಕೋಚ್. ರಾತ್ರಿಪಾಳಿ ಮುಗಿಸಿ ಸೈಕಲ್ಲಿನಲ್ಲಿ ನೇರ ಮೈದಾನಕ್ಕೆ ಬರುವ ಹುಡುಗರನ್ನು ಆಡಿಸುವವನು.

“ದಣಿದು ಬಂದವ್ರನ್ನ ಮತ್ತ ಓಡಿಸಬಾರದು ಅನ್ನೂದು ಅವನ ತತ್ವ” ಎಂದು ಗುಂಡು ವಿವರಿಸುತ್ತಾರೆ. “ಬರೇ ಚೆಂಡು ಕೊಟ್ಟ ಆಡಸ್ತಾನ. ನಗಸ್ತಾನ. ಒಮ್ಮೆ ನೋಡಾಕ ಹೋಗಿದ್ನಿ. ಆ ಹುಡುಗ್ರು ನಿದ್ದಿಗಣ್ಣಾಗ ಎಂಥಾ ಪಾಸ್ ಕೊಡತಿದ್ರು ಅಂತೀರಿ! ನನಗ ಹಂಗ ಬರಂಗಿಲ್ಲ. ನಾ ಸ್ವಲ್ಪ ಬಿಗಿ.”

ಹೀಗೆ ಶುರುವಾದ ಸ್ನೇಹವೇ ಮುಂದೆ ಇಬ್ಬರನ್ನೂ ಈಗಿನ ಸ್ಥಿತಿಗೆ ತಂದು ನಿಲ್ಲಿಸಿತು.

ಹೋದ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಉದಯತಾರಾದ ಮುಖ್ಯ ಕೋಚ್ ಬೇರೆ ಕ್ಲಬ್ಬಿಗೆ ಹೋದರು. ಒಂದು ಸಂಜೆ ದಾದಾಸಾಹೇಬರು ಕ್ಲಬ್ಬಿನ ಕಾರ್ಯದರ್ಶಿ ಮಹಾವೀರನನ್ನು ಕರೆದುಕೊಂಡು ಗುಂಡು ಅವರ ಮನೆಗೇ ಬಂದರು. ಅದುವರೆಗೆ ಕ್ಲಬ್ಬಿನ ಕೆಲಸಕ್ಕೆ ಅವರು ಗುಂಡುವನ್ನು ಕರೆಸಿಕೊಳ್ಳುತ್ತಿದ್ದರೇ ಹೊರತು ತಾವಾಗಿ ಬಂದದ್ದಿಲ್ಲ. ಗುಂಡು ಅವರ ಹೆಂಡತಿ ಮನೀಷಾ ಒಳಗೆ ಶಿರಾ ಮಾಡಲು ರವೆ ಹುರಿಯುತ್ತಿದ್ದರು.

“ನನ್ನ ಕಿವಿ ಎಲ್ಲಾ ಹೊರಗ ಇತ್ರಿ” ಎಂದು ಮನೀಷಾ ಹೇಳುತ್ತಾರೆ. “ಇಷ್ಟ ವರ್ಷ ಆದ ಮ್ಯಾಲ ಮನೀಗೆ ಬಂದಾರ. ಮತ್ತ್ಯಾಕ ಬರ್ತಾರ? ತುಪ್ಪ ಕೈ ಬಿಟ್ಟ ಹಾಕಿದ್ನಿ.”

ಹೊರಗೆ ದಾದಾಸಾಹೇಬರು ಪೀಠಿಕೆ ಹಾಕಲಿಲ್ಲ. “ಗುಂಡೂ, ನಿನಗ ಎಲ್ಲಾರೂ ಗೊತ್ತದಾರ. ಕೊಲ್ಹಾಪುರ, ಇಚಲಕರಂಜಿ, ಎಲ್ಲಾ ಕಡೆ ಅಸಿಸ್ಟೆಂಟ್ ಮಂದೀನ ನೋಡೀದಿ. ಅವರಾಗ ಹೆಡ್ ಕೋಚ್ ಆಗೂವಂಥಾವ ಯಾರ್ ಅದಾನ? ನೀ ಹೇಳಿದವ್ರನ್ನ ತರ್ತೇವಿ” ಎಂದರು.

ಈ ಪ್ರಶ್ನೆಯನ್ನು ಗುಂಡು ನನಗೆ ಹೇಳಿದ್ದು ಮೈದಾನದ ಕಟ್ಟೆಯ ಮೇಲೆ ಕುಳಿತು, ಬೂಟಿನ ಲೇಸು ಬಿಚ್ಚುತ್ತ.

“ನಾ ತಡದ್ನಿರಿ. ಇನ್ನೇನರ ಅಂತಾರೇನು ಅಂತ ಅವರ ಮುಖಾ ನೋಡಿದ್ನಿ. ‘ಇಲ್ಲಾ ನೀನ ಮಾಡ್ತಿಯೇನು’ ಅಂತ ಒಂದ ಮಾತು. ಮಹಾವೀರ ಮೊಬೈಲ್ ನೋಡಾಕತ್ತಿದ್ದ. ದಾದಾ ನನ್ನ ಉತ್ರ ಕಾಯಾಕತ್ತಿದ್ರು. ಅವರ ಮುಖದಾಗ ಕಪಟ ಇರಲಿಲ್ಲ. ಅವರ ತಲ್ಯಾಗ ಆ ವಿಚಾರನ ಬಂದಿರಲಿಲ್ಲ.”

“ನೀವೇ ಹೇಳಬಹುದಿತ್ತಲ್ಲ?”

“ಕೇಳಿದ್ದು ಬ್ಯಾರೇದವ್ರ ಹೆಸರ್ರಿ. ಕೇಳಿದ್ದಕ್ಕ ಉತ್ರಾ ಕೊಟ್ನಿ. ಸೂರಜ ಅಂದ್ನಿ. ಸುಳ್ಳ ಹೇಳಾಕ ಬರಂಗಿಲ್ಲ, ಅವನ ಎಲ್ಲಾರಿಗಿಂತ ಚಲೋ.”

ಶಿರಾ ತಿಂದು, ಭಾಳ ಚಲೋ ಆಗೈತಿ ಎಂದು ಹೊಗಳಿ ಅವರು ಹೋದರು. ಮನೀಷಾ ಪಾತ್ರೆಯನ್ನು ಬಚ್ಚಲಿಗೆ ಎಸೆದ ಸದ್ದು ಪಕ್ಕದ ಮನೆಯವರಿಗೂ ಕೇಳಿಸಿತಂತೆ. “ರೀ, ನಿಮಗ ಬಾಯಿ ಇರಲಿಲ್ಲೇನು ಅಂತ ಕೇಳಿದ್ನಿ. ಬೂಟ ಒರಸ್ಕೋತ ಕುಂತ್ರು. ಆ ರಾತ್ರಿ ಉಣ್ಣಲಿಲ್ಲ, ನಾನೂ ಉಣ್ರಿ ಅಂತ ಅನ್ನಲಿಲ್ಲ” ಎನ್ನುತ್ತಾರೆ ಆಕೆ.

ಸೂರಜನಿಗೆ ಕರೆ ಹೋಯಿತು. ಆತ ಮೊದಲು ಫೋನ್ ಮಾಡಿದ್ದು ಗುಂಡುವಿಗೆ. “ಗುಂಡಣ್ಣಾ, ಆ ಜಾಗಾ ನಿಂದು. ನೀ ಬ್ಯಾಡ ಅಂದ್ರ ನಾ ಬರಂಗಿಲ್ಲ” ಎಂದ. ಗುಂಡು, “ಬಾ, ನಾ ಅದೇನಿ” ಎಂದರು. ದಸರಾ ಮುಗಿಸಿ ಸೂರಜ ಶೆಡ್ಡಿನ ಕೆಲಸ ಬಿಟ್ಟು, ಹೆಂಡತಿ ಸಾರಿಕಾಳನ್ನು ಇಚಲಕರಂಜಿಯಲ್ಲೇ ಬಿಟ್ಟು ಗಡಹಿಂಗ್ಲಜಕ್ಕೆ ಬಂದ. ಒಂದು ಕೋಣೆ ಸಿಗುವವರೆಗೆ ಗುಂಡು ಅವರ ಮನೆಯಲ್ಲೇ ಮಲಗಿದ. ಮೊದಮೊದಲು ಅವನೊಡನೆ ಮುಖಕೊಟ್ಟು ಮಾತಾಡದ ಮನೀಷಾ ಕಡೆಕಡೆಗೆ ಅವನ ಬಟ್ಟೆಯನ್ನೂ ಒಗೆದುಹಾಕುತ್ತಿದ್ದರು. ಅಂಥ ಹುಡುಗ ಅವನು.

ಲೀಗ್ ಶುರುವಾಗುವವರೆಗಿನ ಎರಡು ತಿಂಗಳು ಮೈದಾನದಲ್ಲಿ ನಗು ಇತ್ತು ಎಂದು ಕೇದಾರ ನೆನೆಯುತ್ತಾನೆ. ಸೂರಜ ಆಟದ ರೀತಿಯನ್ನೇ ಬದಲಿಸತೊಡಗಿದ್ದ. ಉದ್ದಕ್ಕೆ ಒದ್ದು ಹಿಂದೆ ಓಡುವ ಹಳೆಯ ರೂಢಿ ಬಿಡಿಸಿ, ಹತ್ತಿರದ ಪಾಸುಗಳಲ್ಲಿ ಮುಂದೆ ಸಾಗುವುದನ್ನು ಕಲಿಸುತ್ತಿದ್ದ. ಇದಕ್ಕೆ ಒಂದು ಪೂರ್ತಿ ಸೀಸನ್ ಬೇಕು ಎಂದು ಅವನೂ ಹೇಳಿದ್ದ, ಗುಂಡುವೂ ಹೇಳಿದ್ದರು. ಕಮಿಟಿಯೂ ತಲೆಯಾಡಿಸಿತ್ತು.

ಲೀಗ್ ಶುರುವಾಯಿತು. ಮೊದಲ ಪಂದ್ಯ ಸೋತರು, ಎರಡನೆಯದೂ ಸೋತರು. ಮೂರನೆಯದು ಡ್ರಾ. ಆಮೇಲೆ ಕೊಲ್ಹಾಪುರದಲ್ಲಿ, ಊರಿನಿಂದ ಟೆಂಪೋ ಮಾಡಿಕೊಂಡು ಹೋಗಿದ್ದ ಅಭಿಮಾನಿಗಳ ಎದುರಿಗೇ, ಐದು ಗೋಲು ತಿಂದರು. ಸ್ಟೇಡಿಯಮ್ಮಿನಿಂದ ಹೊರಬರುವಾಗ ಯಾರೋ ಸೂರಜನ ಮೇಲೆ ನೀರಿನ ಪಾಕೀಟು ಒಗೆದರು. “ಮಗ್ಗಕ್ಕ ಹೋಗೋ” ಎಂದು ಕೂಗಿದರು. ಶಿವರಾತ್ರಿಗೆ ಇನ್ನೂ ಸಮಯವಿರುವಾಗಲೇ ಮಹಾವೀರ ಬಂದು, ನಾಳೆಯಿಂದ ಬರುವುದು ಬೇಡ ಎಂದು ಸೂರಜನಿಗೆ ತಿಳಿಸಿದ.

ಗುಂಡು ಅಂದು ಅಂಗಡಿಯಲ್ಲೇ ದಾದಾಸಾಹೇಬರ ಎದುರು ನಿಂತು ವಾದ ಮಾಡಿದರಂತೆ. ಇದನ್ನು ಅವರು ಹೇಳಲಿಲ್ಲ, ಪಕ್ಕದ ಅಂಗಡಿಯವರು ಹೇಳಿದರು. ಹಮಾಲರೆಲ್ಲ ಚೀಲ ಇಳಿಸುವುದನ್ನು ಬಿಟ್ಟು ನೋಡುತ್ತಿದ್ದರಂತೆ. ಅಷ್ಟು ವರ್ಷದಲ್ಲಿ ಗುಂಡು ದನಿ ಎತ್ತಿದ್ದು ಅದೊಂದೇ ಸಲ. ಅದೂ ತನಗಾಗಿ ಅಲ್ಲ. ದಾದಾಸಾಹೇಬರು ಸಮಾಧಾನವಾಗಿಯೇ ಕೇಳಿದರು: “ಇಂವನ್ನ ತಗೋರಿ ಅಂದಾವ ನೀನ ಅಲ್ಲೇನು? ಮತ್ತ ನನಗ ಯಾಕ ಕೇಳ್ತಿ?” ಗುಂಡು ತಕ್ಕಡಿಯತ್ತ ತಿರುಗಿ ಮತ್ತೆ ಚೀಲ ತೂಗತೊಡಗಿದರಂತೆ.

ಸೂರಜ ಇಚಲಕರಂಜಿಗೆ ಮರಳುವಷ್ಟರಲ್ಲಿ ಅವನ ಜಾಬರ್ ಕೆಲಸ ಬೇರೆಯವನ ಪಾಲಾಗಿತ್ತು. ಅವನ ಹಳೆಯ ತಂಡವೂ ಹೊಸ ಸಹಾಯಕನನ್ನು ಇಟ್ಟುಕೊಂಡಿತ್ತು. ಜಿಲ್ಲೆಯ ಚಹಾದಂಗಡಿಗಳಲ್ಲಿ ಈಗ ಸೂರಜ ಎಂದರೆ, ಸಹಾಯಕರನ್ನು ಮೇಲೆ ಏರಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ. “ನೋಡಿದ್ರಿಲ್ಲೋ ಆ ಇಚಲಕರಂಜಿಯವನ್ನ?” ಎಂದರೆ ಸಾಕು, ಚರ್ಚೆ ಮುಗಿಯುತ್ತದೆ.

ಅವನನ್ನು ನೋಡಲು ಗುಂಡು ಜೊತೆ ನಾನೂ ಹೋದೆ. ಮೋಟಾರ್‌ಸೈಕಲ್ಲಿನ ಹಿಂದೆ ಕುಳಿತ ಗುಂಡು ದಾರಿಯುದ್ದಕ್ಕೂ ಬಲಗಾಲನ್ನು ಪಕ್ಕಕ್ಕೆ ಚಾಚಿಕೊಂಡೇ ಇದ್ದರು. ಶೆಡ್ಡಿನ ಬಾಗಿಲಲ್ಲಿ ಮಗ್ಗಗಳ ಸದ್ದಿಗೆ ಎದೆಯೇ ಅದುರುತ್ತದೆ. ಅಲ್ಲಿ ಸೂರಜ ಈಗ ಜಾಬರ್ ಅಲ್ಲ, ಮಗ್ಗಕ್ಕೆ ನೂಲಿನ ಕಂಡಿಕೆ ತುಂಬಿ ಕೊಡುವ ಹೆಲ್ಪರ್. ಮೈಮೇಲೆಲ್ಲ ಹತ್ತಿಯ ಧೂಳು. ಹೊರಗೆ ಬಂದವನು ಗುಂಡುವಿನ ಕಾಲು ಮುಟ್ಟಿ ನಮಸ್ಕರಿಸಿದ. ಗುಂಡು ಅವನ ಭುಜ ಹಿಡಿದರು.

“ಕೇದಾರನ ಎಡಗಾಲು ಹೆಂಗದ ಅಣ್ಣಾ? ಎಡಗಾಲಿಲೆ ಪಾಸ್ ಕೊಡಾಕ ಹೇಳ್ರಿ ಅವಗ, ಹೆದರ್ತಾನ” ಎಂದು ಸೂರಜನೇ ಮಾತು ತೆಗೆದ. ಮತ್ತೆ ಕೋಚಿಂಗ್ ಮಾಡುತ್ತೀರಾ ಎಂದು ನಾನು ಕೇಳಿದೆ. ಅವನು ಶೆಡ್ಡಿನ ಕಡೆ ನೋಡಿದ. “ಯಾರ್ ಕರೀತಾರ್ರಿ? ಸಾರಿಕಾ ಅಂತೂ ಫುಟ್‌ಬಾಲ್ ಅಂದ್ರ ಊಟದ ತಾಟ ಬಿಟ್ಟ ಎದ್ದ ಹೋಗ್ತಾಳ. ಬೂಟ್ ಸೈತ ಯಾರಿಗೋ ಕೊಟ್ಟಬಿಟ್ಟಾಳ.” ಒಳಗಿನಿಂದ ಯಾರೋ ಕೂಗಿದರು. ಅವನು ಹೋದ.

ಮರಳಿ ಬರುವಾಗ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗುಂಡು ತಾವಾಗಿಯೇ ಹೇಳಿದರು. “ಅವತ್ತ ನಾ ‘ನಾನ ಮಾಡ್ತೇನಿ’ ಅಂದಿದ್ರ ಅಂವ ಇವತ್ತ ಜಾಬರ್ ಇರತಿದ್ದ. ಅವನ ಸಂಸಾರ ನೆಟ್ಟಗಿರತಿತ್ತು. ನಾಚಿಕೊಂಡ ಕುಂತಾವ ನಾನು, ನೀರ ಒಗಸ್ಕೊಂಡಾವ ಅಂವ.” ಚಹಾ ಅರ್ಧಕ್ಕೇ ಬಿಟ್ಟರು.

ಸೂರಜ ಹೋದ ಮೇಲೆ ಸೀಸನ್ನಿನ ಉಳಿದ ಪಂದ್ಯಗಳನ್ನು ಯಾರು ನೋಡಿಕೊಳ್ಳಬೇಕು? ಯಾರೂ ಏನೂ ಹೇಳಲಿಲ್ಲ. ಗುಂಡು ಮರುದಿನ ಬೆಳಗ್ಗೆ ಎಂದಿನಂತೆ ಮೈದಾನಕ್ಕೆ ಬಂದರು, ಅಷ್ಟೆ. ಸೂರಜ ಕಲಿಸಿದ್ದನ್ನು ಬಿಡಿಸಲಿಲ್ಲ. ಹಿಂದಿನ ಸಾಲನ್ನು ಮಾತ್ರ ತಮ್ಮ ರೀತಿಯಲ್ಲಿ ಬಿಗಿ ಮಾಡಿದರು. ತಂಡ ನಿಧಾನಕ್ಕೆ ಚೇತರಿಸಿಕೊಂಡಿತು. ಕೆಳಗಿನ ದರ್ಜೆಗೆ ಬೀಳುವುದು ಖಚಿತ ಎಂದುಕೊಂಡಿದ್ದ ಉದಯತಾರಾ ಉಳಿಯಿತು. ಕೊನೆಯ ಪಂದ್ಯದಲ್ಲಿ ಕೊಲ್ಹಾಪುರದ ದೊಡ್ಡ ತಂಡವೊಂದನ್ನು ಅದರದ್ದೇ ಮೈದಾನದಲ್ಲಿ ಸೋಲಿಸಿತು. ಊರಿನಲ್ಲಿ ಪಟಾಕಿ ಹೊಡೆದರು. ಕೇದಾರನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಸಭೆಯಲ್ಲಿ ದಾದಾಸಾಹೇಬರು ಭಾಷಣ ಮಾಡಿ, ಕೋಚ್ ಇಲ್ಲದೆಯೂ ಗೆದ್ದ ಹುಡುಗರು ಎಂದು ಆಟಗಾರರನ್ನು ಕೊಂಡಾಡಿದರು. ಗುಂಡು ಆಗ ಹಿಂದೆ ನಿಂತು ಖುರ್ಚಿ ಮಡಚುತ್ತಿದ್ದರು.

ಇದನ್ನೆಲ್ಲ ಬರೆದುಕೊಳ್ಳಲು ಹೋದ ವಾರ ನಾನು ಗುಂಡು ಅವರ ಮನೆಯಲ್ಲಿ ಕುಳಿತಿದ್ದಾಗ ಹೊರಗೆ ಗಾಡಿ ನಿಂತ ಸದ್ದಾಯಿತು. ದಾದಾಸಾಹೇಬರು, ಹಿಂದೆ ಮಹಾವೀರ. ಪತ್ರಿಕೆಯವನು ಎಂದು ತಿಳಿದು ನನಗೂ ನಮಸ್ಕಾರ ಮಾಡಿ ಕುಳಿತರು. ಮನೀಷಾ ಈ ಸಲ ಒಲೆ ಹಚ್ಚಲಿಲ್ಲ. ನೀರಿನ ತಂಬಿಗೆ ಇಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಗುಂಡೂ, ಸೀಸನ್ ಬಂತು” ಎಂದರು ದಾದಾಸಾಹೇಬರು. “ಈ ಸಲ ಅವಸರ ಮಾಡೂದ ಬ್ಯಾಡ. ನೀನೂ ಸರಿಯಾಗಿ ವಿಚಾರ ಮಾಡಿ ಹೇಳು. ಯಾರ್ ಅದಾರ?”

ಗುಂಡು ತಂಬಿಗೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರು. ಮತ್ತೆ ಮೊದಲಿನ ಜಾಗಕ್ಕೆ ಇಟ್ಟರು. ಅವರ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಬಾಗಿಲಲ್ಲಿ ಮನೀಷಾ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ದಾದಾ,” ಎಂದರು ಗುಂಡು. “ನಾ ಅದೇನಲ್ರಿ.”

ದಾದಾಸಾಹೇಬರು ಮುಂದೆ ಬಾಗಿ ಅವರ ತೊಡೆಯನ್ನು ಪ್ರೀತಿಯಿಂದ ತಟ್ಟಿದರು. “ನೀ ಅದಿಯೋ ಮಾರಾಯಾ! ನೀ ಎಲ್ಲಿ ಹೋಗ್ತಿ? ನೀ ಅದಿ ಅನ್ನೂ ಧೈರ್ಯದ ಮ್ಯಾಲ ಹೊರಗಿನವ್ರನ್ನ ಕರಿಯಾಕತ್ತೇವಿ. ಅದ ಅಲ್ಲ, ಹೆಡ್ ಕೋಚ್ ಯಾರು, ಅದನ್ನ ಹೇಳು.”

ಮಹಾವೀರನೂ ನಕ್ಕ. ನಾನು ಗುಂಡು ಅವರ ಮುಖ ನೋಡಿದೆ. ಹಾಗಲ್ಲ ದಾದಾ ಎಂದು ಇನ್ನೊಮ್ಮೆ ಹೇಳುತ್ತಾರೇನೋ ಎಂದು ಕಾದೆ. ಅವರ ತುಟಿ ಅಲುಗಿತು. ಕೆಮ್ಮು ಬಂತು, ಬಹಳ ಹೊತ್ತು ಕೆಮ್ಮಿದರು. ನೀರು ಕುಡಿದು, “ನನಗ ಯಾರ ಹೆಸರೂ ಗೊತ್ತಿಲ್ರಿ ದಾದಾ. ಇನ್ನ ಮ್ಯಾಲ ನನ್ನ ಕೇಳಬ್ಯಾಡ್ರಿ” ಎಂದರು. ದಾದಾಸಾಹೇಬರಿಗೆ ಸ್ವಲ್ಪ ಬೇಸರವಾಯಿತು. ಸೂರಜನ ವಿಷಯ ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆ ಎಂದು ಮಹಾವೀರನಿಗೆ ಹೇಳುತ್ತ ಮೆಟ್ಟಿಲಿಳಿದರು.

ಕೊಲ್ಹಾಪುರದ ಯಾವನೋ ಸಹಾಯಕನ ಜೊತೆ ಮಾತುಕತೆ ನಡೆದಿದೆ ಎಂದು ಈ ಬರಹ ಮುಗಿಸುವ ಹೊತ್ತಿಗೆ ಸುದ್ದಿ. ಅವನ ವಯಸ್ಸು ಇಪ್ಪತ್ತೆಂಟಂತೆ. ಅವನಿಗೆ ಕೋಣೆ ನೋಡುವ ಕೆಲಸವನ್ನು ಗುಂಡುವಿಗೇ ಒಪ್ಪಿಸಿದ್ದಾರೆ. ಅವರು ನೋಡುತ್ತಿದ್ದಾರೆ ಕೂಡ.

ಹೊರಡುವ ಮುನ್ನ ಪತ್ರಿಕೆಯವರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ನಿಮ್ಮ ಆಸೆ ಏನು?

“ಸೂರಜಗ ಎಲ್ಲ್ಯರ ಒಂದ ಟೀಮ್ ಸಿಗಬೇಕ್ರಿ. ಅಂವಗ ಅನ್ಯಾಯ ಆತು. ನಂದೇನೈತಿ, ನನಗ ಸಿಗದಿದ್ರೂ ನಡೀತೈತಿ.”

ಬರೆದುಕೊಂಡು ಪೆನ್ನು ಜೇಬಿಗಿಟ್ಟೆ. ಮೆಟ್ಟಿಲವರೆಗೆ ಕಳಿಸಲು ಬಂದವರು ನನ್ನ ತೋಳು ಹಿಡಿದು ನಿಲ್ಲಿಸಿದರು.

“ಆ ಕಡೀ ಮಾತ ಹೊಡದ ಹಾಕ್ರಿ. ನಡ್ಯಾಂಗಿಲ್ಲ. ನನಗ ನಡ್ಯಾಂಗಿಲ್ಲ ಅಂತ ಬರೀರಿ.”